ಆ ರಾತ್ರಿ ಬಾಯಮ್ಮ ಬಂದರು

ತಮ್ಮ ಎಸ್ಸೆಸ್ಸೆಲ್ಸಿ ಪಾಸಾದ. 625ಕ್ಕೆ 391. ಅಪ್ಪ ಕೋಲು ಊರಿಕೊಂಡು ಬಾಗಿಲ ತನಕ ಬಂದು, ಹೊರಗೆ ನಲ್ಲಿಯ ಹತ್ತಿರ ನಿಂತಿದ್ದವರಿಗೆಲ್ಲ ತಾನೇ ಹೇಳಿದ. ಮಾರ್ಚ್‌ನಿಂದ ಈಚೆಗೆ ಅಪ್ಪ ಬಾಗಿಲ ತನಕ ಬಂದದ್ದು ಅದೇ ಮೊದಲು. ಎರಡು ಖುಷಿ ಒಂದೇ ದಿನ ಬಂತು. ಅವ್ವ ಯಾವುದಕ್ಕೆ ಅತ್ತಳು ಅಂತ ನನಗೆ ಇನ್ನೂ ಗೊತ್ತಿಲ್ಲ.

ಮಾರ್ಚ್‌ನಲ್ಲಿ, ತಮ್ಮನ ಪರೀಕ್ಷೆಯ ಹೊತ್ತಿಗೇ, ಅಪ್ಪ ಆಸ್ಪತ್ರೆ ಸೇರಿ ಸಾವಿನ ಹತ್ತಿರ ಹೋಗಿ ಬಂದ. ಏನಾಯಿತು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದೆವು ಅನ್ನೋದು ಹತ್ತಿರದವರಿಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಇಷ್ಟು ದಿನ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಫೋನ್ ಮಾಡಿದವರಿಗೆ "ಹೂಂ, ಪರವಾಗಿಲ್ಲ" ಅಂದು ಇಟ್ಟುಬಿಡುತ್ತಿದ್ದೆ. ಮಾತು ಮುಂದುವರಿಸಿದರೆ ಅಳು ಬರುತ್ತಿತ್ತು. ಇವತ್ತು ಕೂತು ಬರೆಯುತ್ತಿದ್ದೇನೆ.

ನಮ್ಮದು ಬಾದಾಮಿ ಕಡೆಯ ಊರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಅಂತ ಮಂಗಳೂರಿಗೆ ಬಂದರು. ನಮ್ಮ ಶೀಟಿನ ಮನೆಗೆ ಹತ್ತಿರ ಇದ್ದದ್ದು ಚರ್ಚಿನ ಶಾಲೆ. ಕನ್ನಡ ಮೀಡಿಯಂ, ಅನುದಾನಿತ. ಚರ್ಚಿನ ಫಾದರೇ ಸಂಚಾಲಕರು. ಮಂಗಳೂರಿಗೆ 1870ರಲ್ಲಿ ಫ್ರಾನ್ಸಿನಿಂದ ಕಾರ್ಮೆಲ್ ಸಿಸ್ಟರ್‌ಗಳು ಬಂದರು, 1880ರಲ್ಲಿ ಜೆಸುಯಿಟ್ ಫಾದರ್‌ಗಳು ಅಲೋಶಿಯಸ್ ಕಾಲೇಜು ಶುರು ಮಾಡಿದರು ಅಂತ ಸೋಶಿಯಲ್ ಟೀಚರ್ ಪಾಠ ಮಾಡುವಾಗ, ನಾವೆಲ್ಲ ಕಿಟಕಿಯಿಂದ ನಮ್ಮ ಶಾಲೆಯ ಹಂಚಿನ ಮಾಡು ನೋಡುತ್ತಿದ್ದೆವು. ನಮ್ಮದು ಅಷ್ಟು ದೊಡ್ಡ ಶಾಲೆ ಅಲ್ಲ. ಹೈಸ್ಕೂಲಿನಲ್ಲಿ ಈಗ 112 ಮಕ್ಕಳು. ಅದರಲ್ಲಿ ಕ್ರೈಸ್ತ ಮಕ್ಕಳು ಬೆರಳೆಣಿಕೆ. ಉಳಿದವರಲ್ಲಿ ಜಾಸ್ತಿ ನಮ್ಮಂಥವರೇ. ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರಿನಿಂದ ಕೆಲಸಕ್ಕೆ ಬಂದವರ ಮಕ್ಕಳು.

"ಚರ್ಚಿನ ಸಾಲಿಗೆ ಯಾಕ ಹಾಕಿದಿ?" ಅಂತ ಊರಿಗೆ ಹೋದಾಗ ಅಪ್ಪನನ್ನು ಕೇಳುವವರಿದ್ದರು. ನಾನು ನೋಡಿದ್ದನ್ನು ಹೇಳುತ್ತೇನೆ. ಕ್ರೈಸ್ತ ಮಕ್ಕಳು ಒಂದು ರೂಮಿಗೆ ಕ್ರೈಸ್ತ ಶಿಕ್ಷಣಕ್ಕೆ ಹೋಗುತ್ತಿದ್ದರು. ಅದೇ ಹೊತ್ತಿಗೆ ನಾವು ಇನ್ನೊಂದು ರೂಮಿನಲ್ಲಿ ಮೌಲ್ಯ ಶಿಕ್ಷಣಕ್ಕೆ ಕೂರುತ್ತಿದ್ದೆವು. ಬೆಲ್ ಆದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆವು. ನನ್ನ ಮಾತು ಕೇಳಿ ಮೊದಮೊದಲು ಕೆಲವು ಮಕ್ಕಳು "ಘಟ್ಟದವಳು" ಅಂತ ನಗುತ್ತಿದ್ದರು. ಆಗ ಕನ್ನಡ ಟೀಚರ್ ನನ್ನನ್ನು ಅಸೆಂಬ್ಲಿಯಲ್ಲಿ ನಿಲ್ಲಿಸಿ, "ನಿಮ್ಮೂರಿನ ಕನ್ನಡದಲ್ಲೇ ಒಂದು ಕಥೆ ಹೇಳು" ಅಂದರು. ಹೇಳಿದೆ. ಆಮೇಲೆ ಯಾರೂ ನಗಲಿಲ್ಲ.

ಈಗ ಥ್ಯಾಂಕ್ಸ್. ರಕ್ತ ಬೇಕು ಅಂದಾಗ ಒಂದೇ ಗಂಟೆಯಲ್ಲಿ ಬಂದ ಚರ್ಚಿನ ಯುವಕರ ಸಂಘದ (ಐಸಿವೈಎಂ) ಹುಡುಗರಿಗೆ, ಎರಡು ತಿಂಗಳ ಬಾಡಿಗೆ ಕಟ್ಟಿದ, ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರಿಗೆ, ಫಾದರ್‌ಗೆ, ಹೆಡ್‌ಮಾಸ್ಟರ್‌ಗೆ, ಪರೀಕ್ಷೆ ಮುಗಿಯುವ ತನಕ ದಿನಾ ತಮ್ಮನನ್ನು ಸ್ಕೂಟರಿನಲ್ಲಿ ಸೆಂಟರಿಗೆ ಬಿಟ್ಟ ಸೈನ್ಸ್ ಸರ್‌ಗೆ, ಅಪ್ಪನ ಜೊತೆ ಕೆಲಸ ಮಾಡುವ ನಮ್ಮೂರಿನ ಅಣ್ಣಂದಿರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಮ್ಯಾಥ್ಸ್ ಟೀಚರ್‌ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಹತ್ತನೇ ಕ್ಲಾಸಿನ ಮಕ್ಕಳನ್ನು ಟೀಚರ್‌ಗಳು ನಾಲ್ಕೈದು ಜನರಂತೆ ದತ್ತು ತಗೊಳ್ಳುತ್ತಾರಲ್ಲ, ನನ್ನ ತಮ್ಮ ಅವರ ಪಾಲಿಗೆ ಬಂದಿದ್ದ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದಲ್ಲಿ 80ಕ್ಕೆ 19 ತೆಗೆದವನು ಅವನು. ಪಾಸಿಂಗ್ ಪ್ಯಾಕೇಜ್ ಕೊಟ್ಟು, "ಇಷ್ಟು ಬಾಯಿಪಾಠ ಮಾಡು, ಸಾಕು" ಅನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಬೆಳಿಗ್ಗೆ ಎಂಟಕ್ಕೇ ಬಂದು ಕೂರಿಸುತ್ತಿದ್ದರು.

ಇನ್ನು ಬಾಯಮ್ಮ.

ಮಂಗಳೂರು ಕಡೆ ವಯಸ್ಸಾದ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಅಂತ ಕರೆಯುತ್ತಾರೆ. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು ಅವರು. ಅವರಿಗೆ ಸಿಗುವುದಕ್ಕೆ ಸಂಬಳ ಅಂತ ಹೆಸರಿಲ್ಲ, ಗೌರವಧನ ಅಂತಾರೆ. ನಾನು ಓದುವಾಗಲೂ ಅವರೇ ಬಡಿಸುತ್ತಿದ್ದರು. ಸಾಂಬಾರಿನ ಸೌಟು ಎತ್ತಿ ಮೊದಲು ಮುಖ ನೋಡುತ್ತಿದ್ದರು. ಬೆಳಿಗ್ಗೆ ತಿಂಡಿ ತಿನ್ನದೆ ಬಂದವರು ಯಾರು ಅಂತ ಅವರಿಗೆ ಹೇಗೋ ಗೊತ್ತಾಗುತ್ತಿತ್ತು. ಅಂಥವರ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಬೀಳುತ್ತಿತ್ತು.

ಸೆಪ್ಟೆಂಬರ್ 8 ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಕೊಂಡುಹೋಗುತ್ತಾರೆ. ನಾನೂ ತಮ್ಮನೂ ಹೋಗುತ್ತಿದ್ದೆವು. ನಮ್ಮ ಮನೆಯಲ್ಲಿ ಹೂವಿನ ಗಿಡ ಎಲ್ಲಿ ಬರಬೇಕು? ಬಾಯಮ್ಮ ತಮ್ಮ ಅಂಗಳದ ದಾಸವಾಳ ಕಿತ್ತು ನಮ್ಮ ಕೈಗೆ ಕೊಡುತ್ತಿದ್ದರು. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವಾದ ಮಾಡಿದ ಭತ್ತದ ತೆನೆ ತಂದು ನಮಗೂ ಒಂದು ಕೊಟ್ಟರು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಬಾಗಿಲ ಮೇಲೆ ಸಿಕ್ಕಿಸಿದ. "ನಮ್ಮ ಎಳ್ಳ ಅಮಾಸಿಗೆ ಹೊಲದಾಗ ಚರಗ ಚೆಲ್ಲಿದಂಗ ಐತಿ ಇದು" ಅಂದ. ಚರಗ ಅಂದರೆ ಬೆಳೆ ನಿಂತ ಹೊಲಕ್ಕೆ ಚೆಲ್ಲುವ ಎಡೆ. ಹೊಲ ಬಿಟ್ಟು ಬಂದ ಮೇಲೆ ಅಪ್ಪ ಹೊಲದ ಮಾತು ಆಡಿದ್ದು ಕಡಿಮೆ. ಅದಕ್ಕೇ ನನಗೆ ಆ ಮಾತು ನೆನಪಿದೆ.

ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ನಾನೂ ಅವ್ವನೂ ಆಸ್ಪತ್ರೆಯಲ್ಲಿದ್ದೆವು. ತಮ್ಮ ಮನೆಯಲ್ಲಿ ಒಬ್ಬನೇ. ಅಪ್ಪನನ್ನು ಕೆಲಸಕ್ಕೆ ಕರೆದುಕೊಂಡು ಹೋದ ಕಂಟ್ರಾಕ್ಟರ್ ಫೋನ್ ಎತ್ತುತ್ತಿರಲಿಲ್ಲ. ಡಾಕ್ಟರು "ಬೆಳಗಾಗಲಿ, ನೋಡೋಣ" ಅಂದಿದ್ದರು. ಆ "ನೋಡೋಣ" ಅನ್ನೋದರ ಅರ್ಥ ನನಗೆ ಗೊತ್ತಿತ್ತು. ಅವ್ವನಿಗೆ ಹೇಳಿರಲಿಲ್ಲ.

ಒಂಬತ್ತು ಗಂಟೆಗೆ ನಾನು ತಮ್ಮನಿಗೆ ಫೋನ್ ಮಾಡಿದೆ. "ನಾಳೆ ಪರೀಕ್ಷೆ ಬಿಡು. ಪರೀಕ್ಷೆ-2 ಇದೆಯಲ್ಲ, ಆವಾಗ ಬರಿ. ಈಗ ಇಲ್ಲಿಗೆ ಬಾ" ಅಂದೆ. ಅವನು ಓದಲಿ ಅಂತ ಎಂಟು ವರ್ಷದಿಂದ ಬಟ್ಟೆ ಅಂಗಡಿಯಲ್ಲಿ ನಿಂತು ಕೆಲಸ ಮಾಡಿದವಳು ನಾನು. ನನ್ನ ಬಾಯಲ್ಲೇ ಆ ಮಾತು ಬಂತು. ಯಾಕೆ ಅಂತ ಈಗ ಬರೆಯಬಲ್ಲೆ. ಅಪ್ಪ ಉಳಿಯುವುದಿಲ್ಲ ಅಂತ ನಾನು ನಿರ್ಧಾರ ಮಾಡಿಬಿಟ್ಟಿದ್ದೆ. ತಮ್ಮ ಕೊನೆಯ ಸಲ ನೋಡಲಿ ಅಂತ ಕರೆದದ್ದು. ಇದನ್ನು ಅವ್ವ ಇವತ್ತಿಗೂ ಕೇಳಿಲ್ಲ. ಈ ಬರಹ ಅವಳಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟು ಓದುತ್ತೇನೆ.

ಆ ಕಡೆಯಿಂದ ತಮ್ಮನ ಧ್ವನಿ ಬರಲಿಲ್ಲ. ಬಾಯಮ್ಮನ ಧ್ವನಿ ಬಂತು. ಸಂಜೆ ಚರ್ಚಿನಲ್ಲಿ ವಿಷಯ ಕೇಳಿ, ಮನೆಗೂ ಹೋಗದೆ ನೇರ ಬಂದಿದ್ದರು. "ಅವನಿಗೆ ನಾಳೆ ಬರೀಲಿಕ್ಕೆ ಉಂಟು. ನೀನು ಅಪ್ಪನನ್ನು ನೋಡಿಕೋ. ಇಲ್ಲಿ ನಾನು ಇದ್ದೇನೆ. ಹೆದರಬೇಡ ಮಗಾ" ಅಂದರು. ಫೋನ್ ಇಟ್ಟರು.

ಮುಂದಿನದ್ದು ತಮ್ಮ ಹೇಳಿದ್ದು. ಬಾಯಮ್ಮ ಮೊದಲು ಅವನಿಗೆ ಗಂಜಿ ಮಾಡಿ ಕೊಟ್ಟರು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ಅವರದ್ದು ಒಂದೇ ಹೊತ್ತಿನ ಊಟ. ಆ ಹೊತ್ತು ಮುಗಿದಿತ್ತು, ಅದಕ್ಕೆ ತಾವು ನೀರು ಕುಡಿದು ಕೂತರು. ತಮ್ಮ ಪುಸ್ತಕ ಮುಚ್ಚಿ ಗೋಡೆ ನೋಡುತ್ತಿದ್ದ. "ಎಂತ ಓದ್ಲಿಕ್ಕೆ ಬಾಕಿ ಉಂಟು?" ಅಂತ ಕೇಳಿದರು. ಅವನು ಸುಮ್ನೆ, "ಥೇಲ್ಸ್ ಪ್ರಮೇಯ" ಅಂದ. "ಹಾಗಾದ್ರೆ ನನಗೆ ಹೇಳಿಕೊಡು" ಅಂದರು.

ಬಾಯಮ್ಮ ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರಿಗೆ ಥೇಲ್ಸ್ ಯಾರು, ಪ್ರಮೇಯ ಯಾವುದು? ಆದರೂ ಕೂತರು. ತಮ್ಮ ತ್ರಿಭುಜ ಬರೆದ. ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಅದು ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ಭಾಗ ಮಾಡುತ್ತದೆ ಅಂತ ಗಿಳಿಯ ಹಾಗೆ ಹೇಳಿದ. "ಸಮಾನುಪಾತ ಅಂದ್ರೆ ಎಂತದು?" ಅಂದರು. ಅವನಿಗೆ ಹೇಳಲಿಕ್ಕೆ ಬರಲಿಲ್ಲ. ಸ್ವಲ್ಪ ಯೋಚಿಸಿ, "ಬಾಯಮ್ಮ, ನೀವು ಅಕ್ಕಿ ಅಳೀತೀರಲ್ಲ, ಹಾಗೆ" ಅಂದ.

ಅದು ಅವರಿಗೆ ಗೊತ್ತಿತ್ತು. ಒಂದು ಮಗುವಿಗೆ 150 ಗ್ರಾಂ ಅಕ್ಕಿ. ನೂರು ಮಕ್ಕಳಿಗೆ ಹದಿನೈದು ಕಿಲೋ, ಉಳಿದ ಹನ್ನೆರಡು ಮಕ್ಕಳಿಗೆ ಒಂದು ಕಿಲೋ ಎಂಟುನೂರು. ದಿನಾ ಬೆಳಿಗ್ಗೆ ಹಾಜರಿ ಬಂದ ಕೂಡಲೇ ಈ ಲೆಕ್ಕ ಅವರ ತಲೆಯಲ್ಲಿ ಆಗಿಹೋಗುತ್ತದೆ. "ಮಕ್ಕಳು ಅರ್ಧ ಆದ್ರೆ ಅಕ್ಕಿಯೂ ಅರ್ಧ, ಬೇಳೆಯೂ ಅರ್ಧ. ಅಷ್ಟೇ ಅಲ್ವಾ?" ಅಂದರು. ಅಷ್ಟೇ.

ಆಮೇಲೆ ಸಾಧನೆ, ಅಂದರೆ ಪ್ರಮೇಯ ಯಾಕೆ ನಿಜ ಅಂತ ತೋರಿಸುವುದು. ಗೆರೆಯ ಕೆಳಗೆ ಎರಡು ತ್ರಿಭುಜ ಬರುತ್ತವೆ, ಅವೆರಡರ ವಿಸ್ತೀರ್ಣ ಸಮ ಅಂತ ಒಂದು ಹಂತ ಇದೆ. ತಮ್ಮ ಅದನ್ನು ವರ್ಷವಿಡೀ ಬಾಯಿಪಾಠದಲ್ಲೇ ದಾಟಿಸಿದ್ದ. ಬಾಯಮ್ಮ ಚಿತ್ರದ ಮೇಲೆ ಬೆರಳಿಟ್ಟು, "ಇದು ಹೀಗೆ ವಾಲಿಕೊಂಡಿದೆ, ಅದು ಹಾಗೆ. ಯಾಕೆ ಸಮ?" ಅಂದರು. ಅವನು ಪುಸ್ತಕ ತೆಗೆದ. ಒಂಬತ್ತನೇ ಕ್ಲಾಸಿನ ಪುಸ್ತಕವನ್ನೂ ಹುಡುಕಿ ತೆಗೆದ. ಎರಡಕ್ಕೂ ಪಾದ ಒಂದೇ, ಎರಡೂ ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇವೆ. ಎತ್ತರ ಒಂದೇ, ಹಾಗಾಗಿ ವಿಸ್ತೀರ್ಣ ಒಂದೇ. "ಅಕ್ಕಾ, ನನಗೆ ಮೊದಲ ಸಲ ಗೊತ್ತಾಗಿದ್ದು ಆವಾಗಲೇ" ಅಂತ ತಮ್ಮ ಹೇಳಿದ. ಬಾಯಮ್ಮನಿಗೆ ಅರ್ಥ ಆಗುವ ತನಕ ಮೂರು ಸಲ ಹೇಳಿದನಂತೆ. ಅರ್ಥ ಆಯಿತೋ ಇಲ್ಲವೋ, ಅವರು ಪ್ರತಿ ಸಲವೂ "ಮುಂದೆ?" ಅನ್ನುತ್ತಿದ್ದರಂತೆ.

ಬೆಳಗಿನ ಜಾವ ಅಪ್ಪ ಕಣ್ಣು ಬಿಟ್ಟ. "ಮಗ ಎಲ್ಲಿ?" ಅಂತ ಕೇಳಿದ. ಪರೀಕ್ಷೆ ಅಂದೆ. "ಹೋಗಿ ಅವನಿಗೆ ಹೇಳು, ನನ್ನ ಕಾಳಜಿ ಮಾಡಬ್ಯಾಡ, ಬರೀ ಅಂತ" ಅಂದ. ನಾನು ಮೊದಲ ಬಸ್ಸು ಹಿಡಿದು ಮನೆಗೆ ಬಂದೆ.

ಬಾಗಿಲು ಅರ್ಧ ತೆರೆದಿತ್ತು. ಕರೆಂಟು ಇರಲಿಲ್ಲ. ತಮ್ಮ ನೆಲದ ಮೇಲೆ, ಪುಸ್ತಕದ ಪಕ್ಕ ನಿದ್ದೆ ಹೋಗಿದ್ದ. ಬಾಯಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಎಡಗೈಯಲ್ಲಿ ಜಪಸರ. ಬಲಗೈಯಲ್ಲಿ ತಮ್ಮನ ನೋಟ್ ಪುಸ್ತಕ. ಅದರಿಂದ ಅವನಿಗೆ ಸೊಳ್ಳೆ ಬಾರದ ಹಾಗೆ ಗಾಳಿ ಹಾಕುತ್ತಿದ್ದರು. ಕಣ್ಣು ಮುಚ್ಚಿತ್ತು, ಕೈ ಮಾತ್ರ ನಿಂತಿರಲಿಲ್ಲ. ಹಾಲ್ ಟಿಕೆಟ್ ಹಾರದಿರಲಿ ಅಂತ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟಿದ್ದರು. ಎರಡು ಪೆನ್ನು ಪಕ್ಕದಲ್ಲೇ ಜೋಡಿಸಿದ್ದರು.

ನಾನು ಹೊಸ್ತಿಲಲ್ಲೇ ಕುಸಿದು ಕೂತೆ. ಅಷ್ಟು ಹೊತ್ತಿನ ತನಕ ಅಳದೆ ಇದ್ದವಳು ಆಗ ಅತ್ತೆ. ಬಾಯಮ್ಮ ಎದ್ದು ಬಂದು ಸೆರಗಿನಿಂದ ನನ್ನ ಮುಖ ಒರೆಸಿದರು. "ಅಪ್ಪ ಹೇಗಿದ್ದಾರೆ?" ಅಂದರು. ಮಾತಾಡಿದರು ಅಂದೆ. ಅವರು ಶಿಲುಬೆಯ ಗುರುತು ಹಾಕಿ, ಚಹಾಕ್ಕೆ ನೀರಿಟ್ಟರು. ಆಮೇಲೆ ಎಂಟು ಗಂಟೆಗೆ ಮನೆಗೆ ಹೋಗಿ ಸ್ನಾನ ಮಾಡಿ ಬಂದು, ಒಂಬತ್ತಕ್ಕೆ ಶಾಲೆಯ ಅಡುಗೆಮನೆಯಲ್ಲಿ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಕ್ಕಿ ತೊಳೆಯುತ್ತಿದ್ದರು.

ಥೇಲ್ಸ್ ಪ್ರಮೇಯ ಆ ದಿನ ಪತ್ರಿಕೆಯಲ್ಲಿ ಬರಲೇ ಇಲ್ಲ. ಬೇರೆ ಪ್ರಮೇಯ ಬಂದಿತ್ತು. ಅದನ್ನೂ ಬರೆದ.

ಬಾಯಮ್ಮ, ನಿಮಗೆ ಏನು ಕೊಟ್ಟರೂ ಬೇಡ ಅನ್ನುತ್ತೀರಿ ಅಂತ ಗೊತ್ತು. ಸೀರೆ ತಂದರೆ ಬೈದು ವಾಪಸ್ ಕಳಿಸಿದಿರಿ. ನನಗೆ ಅಮ್ಮ ಇದ್ದಾಳೆ, ಹಾಗಾಗಿ ನೀವು ನನ್ನ ಅಮ್ಮನ ಹಾಗೆ ಅಂತ ಬರೆಯುವುದಿಲ್ಲ. ನೀವು ನಮ್ಮ ಬಾಯಮ್ಮ. ಆ ರಾತ್ರಿ ನಾನು ಕೈಬಿಟ್ಟದ್ದನ್ನು ನೀವು ಹಿಡಿದುಕೊಂಡಿರಿ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಇವತ್ತಿನ ತನಕ ಅದನ್ನು ಎತ್ತಿಲ್ಲ.

ತಮ್ಮ ಪಿಯುಸಿಗೆ ಸೈನ್ಸ್ ತಗೊಳ್ಳುತ್ತಾನಂತೆ. ಗಣಿತ ಬೇಕು ಅಂತ ಹಟ. ನಾನು ಬೇಡ ಅನ್ನಲಿಲ್ಲ.

ಬಾಯಮ್ಮನ ಕನ್ನಡಕದ ಒಂದು ಗಾಜು ಒಡೆದಿದೆ, ಅದಕ್ಕೆ ನಾಳೆ ತಮ್ಮನೇ ಹೋಗಿ ಇದನ್ನು ಓದಿ ಹೇಳುತ್ತಾನೆ. ಅವ್ವ ಈಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಹತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಸೀರೆ ವಾಪಸ್ ಕಳಿಸಿದ ಹಾಗೆ ಇದನ್ನು ಕಳಿಸಬೇಡಿ, ಬಾಯಮ್ಮ. ಅಪ್ಪ ತಾನೇ ಹೇಳಿ ಮಾಡಿಸಿದ್ದು.