ಪಾರ್ಲರ್ ಅಕ್ಕಂಗೆ ಥ್ಯಾಂಕ್ಸ್

ಅವತ್ತು ನಿಮ್ಮ ಹೆಸರು ಕೇಳೋದೇ ಮರ್ತೆ ಅಕ್ಕ, ಅದಕ್ಕೇ ಇಲ್ಲಿ ಬರೀತಿದೀನಿ. ಕೀಮೋಲಿ ತಲೆಕೂದಲು, ಹುಬ್ಬು ಎಲ್ಲಾ ಹೋಯ್ತು, ಅತ್ತು ಸುಮ್ಮನಾದೆ, ಆದ್ರೆ ಅದೆಲ್ಲಾ ಮುಗಿದು ದಿನಾ ಒಂದು ಲೆಟ್ರೋಜೋಲ್ 2.5 ಎಂಜಿ (ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಕಮ್ಮಿ ಮಾಡೋ ಕ್ಯಾನ್ಸರ್ ಮಾತ್ರೆ) ಶುರುವಾದ್ಮೇಲೆ ತಲೆ ಮೇಲೆ ಇನ್ನೂ ಒಂದಿಂಚೂ ಬಂದಿಲ್ಲ, ಗದ್ದದ ಮೇಲೆ ಮಾತ್ರ ದಪ್ಪ ಕರಿ ಕೂದಲು, ಬೇಡ ಅಂದ ಕಡೆನೇ ಬರತ್ತೆ ನೋಡಿ! ಮುಟ್ಟು ನಿಂತು ಈಸ್ಟ್ರೋಜನ್ ಕಮ್ಮಿ ಆದ್ರೆ ಕೆಲವರಿಗೆ ಹೀಗಾಗತ್ತೆ ಅಂದಿದ್ರು ಡಾಕ್ಟ್ರು, ಏನ್ ಮಾಡ್ಲಿ ಅಂತ ಕೇಳೋಕೆ ನಂಗೇ ನಾಚಿಕೆ.

ಸೆರಗಲ್ಲಿ ಗದ್ದ ಮುಚ್ಕೊಂಡೇ ಒಳಗೆ ಬಂದೆ. ನೀವು ಏನೂ ಕೇಳದೆ ಕರ್ಟನ್ ಎಳೆದ್ರಿ. ಮುಖ ಮುಟ್ಟಿ ನೋಡಿ, ಚರ್ಮ ತುಂಬಾ ಒಣಗಿದೆ, ವ್ಯಾಕ್ಸು ಥ್ರೆಡಿಂಗು ಈಗ ಬೇಡಮ್ಮ, ಗಾಯ ಆದ್ರೆ ಕಷ್ಟ ಅಂದ್ರಿ. ಬರೋ ದುಡ್ಡು ಬಿಟ್ಟು, ಹುಬ್ಬಿನ ಪುಟ್ಟ ಟ್ರಿಮ್ಮರ್ ಹಿಡಿಯೋದು ಕನ್ನಡಿ ಮುಂದೆ ಕೂರಿಸಿ ಕಲಿಸಿದ್ರಿ. ಇನ್ನೂ ದಪ್ಪ ಬರಲ್ವಾ ಅಂದಿದ್ದಕ್ಕೆ ನಕ್ಕು, ತುದಿ ಮೊಂಡಾಗತ್ತೆ ಅಷ್ಟೇ, ಅದಕ್ಕೇ ಕೈಗೆ ಚುಚ್ಚತ್ತೆ ಅಂದ್ರಿ. ಪರ್ಸ್ ತೆಗೆದ್ರೆ ಜಿಪ್ ನೀವೇ ಎಳೆದುಬಿಟ್ರಿ.

ಮೊನ್ನೆ ತಂಗಿ ಮಗಳ ನಾಮಕರಣದಲ್ಲಿ ಕೈ ಅಡ್ಡ ಇಡದೆ ಫೋಟೋಗೆ ನಿಂತೆ ಅಕ್ಕ.