ಕೀ ಆನ್ಸರ್ ಇಲ್ಲದ ಪ್ರಶ್ನೆ ಕೇಳಲು ಬಿಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ ಇತಿಹಾಸ ಪಾಠ ಶುರು ಮಾಡಿ 13 ವರ್ಷವಾಯಿತು. ಅತಿಥಿ ಎಂದರೆ ಏನೆಂದು ತಮಗೆ ವಿವರಿಸಬೇಕಾಗಿಲ್ಲ, ನಿಯಮಗಳೆಲ್ಲ ತಮ್ಮ ಇಲಾಖೆಯವೇ. ವರ್ಷ ವರ್ಷ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್. 2022ರಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು. ಜೊತೆಗೇ ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಏರಿಸಿದ್ದರಿಂದ ಇಬ್ಬರ ಕೆಲಸ ಒಬ್ಬರ ಪಾಲಾಯಿತು, ಇನ್ನೊಬ್ಬರು ಬೀದಿಗೆ ಬಂದರು. ಆ ವರ್ಷ ನಾನೂ ಮನೆಯಲ್ಲಿ ಕೂತಿದ್ದೆ. ಹೆಂಡತಿಯ ಹೊಲಿಗೆ ಯಂತ್ರ ಮನೆ ನಡೆಸಿತು.

ಅದನ್ನೆಲ್ಲ ನುಂಗಿಕೊಂಡಿದ್ದೆ. ಈಗ ಬರೆಯುತ್ತಿರುವುದು ಒಂದು ಪ್ರಶ್ನೆಯ ಸಲುವಾಗಿ.

ಕಳೆದ ಸಲ ಆಂತರಿಕ ಪರೀಕ್ಷೆಗೆ ಹೀಗೆ ಕೇಳಿದ್ದೆ: 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರದ ಸೋಲನ್ನು ಇತಿಹಾಸಕಾರ ಫೆರಿಸ್ತಾ ಒಂದು ರೀತಿ ಹೇಳುತ್ತಾನೆ, 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್‌ನ ವರ್ತಕ ಸೀಸರ್ ಫ್ರೆಡ್ರಿಕ್ ಸೇನಾಪತಿಗಳ ದ್ರೋಹ ಎನ್ನುತ್ತಾನೆ. ಯಾರನ್ನು ಎಷ್ಟು ನಂಬುತ್ತೀರಿ? ಯಾಕೆ?

ಮೇಲಿನವರು ಕರೆಸಿದರು. "ಇದಕ್ಕೆ ಕೀ ಆನ್ಸರ್ ಎಲ್ರೀ? ಕಾಲೇಜಿನ ಗುಣಮಟ್ಟ ಅಳೆಯೋಕೆ ನ್ಯಾಕ್‌ನವರು ಬರ್ತಿದಾರೆ, ರಿಸಲ್ಟ್ ಬಿದ್ರೆ ಯಾರು ಉತ್ತರ ಕೊಡೋದು? ಅಡ್ಮಿಷನ್ ಮೊದಲೇ ಕಮ್ಮಿ. ಮುಂದಿನ ವರ್ಷ ನೀವು ಬೇಕೋ ಬೇಡವೋ ನೋಡಬೇಕಾಗತ್ತೆ." ಮಕ್ಕಳು ಬರೆದು ಕೊಟ್ಟಾಗಿತ್ತು. ಆದರೂ ಆ ಪರೀಕ್ಷೆ ರದ್ದಾಯಿತು. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ ಎಂಬ ಹೊಸ ಪತ್ರಿಕೆ ಮಾಡಿಸಿದರು. ಮಾಡಿಕೊಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಕರೆಸಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕುತ್ತಿಗೆಗೂ ಅದೇ ಹಗ್ಗ. ಕಾಲೇಜನ್ನು ಅಂಗಡಿಯ ಲೆಕ್ಕದಲ್ಲಿ ಅಳೆದರೆ, ಎಷ್ಟು ಅಡ್ಮಿಷನ್, ಎಷ್ಟು ಶೇಕಡಾ, ಎಷ್ಟು ಪ್ಲೇಸ್‌ಮೆಂಟ್ ಎಂದಷ್ಟೇ ಕೇಳಿದರೆ, ಇತಿಹಾಸದ ಮೇಷ್ಟರು ಗೈಡಿನಲ್ಲಿರುವ ಪ್ರಶ್ನೆಯನ್ನೇ ಕೇಳುತ್ತಾರೆ. ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಪ್ರತಿ ಜೂನ್‌ನಲ್ಲೂ ಹೆದರುವವನು ಮಕ್ಕಳಿಗೆ ಹೆದರದೆ ಯೋಚಿಸಿ ಎಂದು ಯಾವ ಬಾಯಲ್ಲಿ ಹೇಳಲಿ, ಸ್ವಾಮಿ?

ಖಾಲಿ ಹುದ್ದೆಗಳನ್ನು ಖಾಯಂ ಆಗಿ ತುಂಬಿ. ಸಂಖ್ಯೆ ಕಡಿಮೆ ಎಂದು ಇತಿಹಾಸ, ಕನ್ನಡ, ಸಮಾಜಶಾಸ್ತ್ರದ ತರಗತಿ ಮುಚ್ಚಬೇಡಿ. ಆ ಬೆಂಚುಗಳಲ್ಲಿ ಕೂರುವವರು ಖಾಸಗಿ ಕಾಲೇಜಿನ ಫೀಸು ಕಟ್ಟಲಾಗದ ಮನೆಗಳ ಮಕ್ಕಳು. ಶೇಕಡಾವಾರು ಫಲಿತಾಂಶವನ್ನು ಮೇಷ್ಟರ ಕುತ್ತಿಗೆಗೆ ಕಟ್ಟಬೇಡಿ. ಮತ್ತೆ ಹೇಳುತ್ತೇನೆ, ಹುದ್ದೆ ತುಂಬಿ. ಸಮಿತಿ ಬೇಡ, ಭರವಸೆ ಬೇಡ, ಕೇಳಿ ಕೇಳಿ ಸಾಕಾಗಿದೆ. ಹುದ್ದೆ ತುಂಬಿ.

ರದ್ದಾದ ಆ ಉತ್ತರಪತ್ರಿಕೆಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ. ಎರಡು ಬಸ್ ಬದಲಿಸಿ ಬರುವ ಹುಡುಗಿಯದು. "ಫೆರಿಸ್ತಾ ಆಮೇಲೆ ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದವನು, ಗೆದ್ದವರ ಅನ್ನ ತಿಂದವನು. ಫ್ರೆಡ್ರಿಕ್ ಸೋತ ಊರಿನಲ್ಲಿ ಕೇಳಿದ್ದನ್ನು ಬರೆದ. ಸೋತವರು ದ್ರೋಹ ಆಯಿತು ಅಂತಲೇ ಹೇಳುತ್ತಾರೆ. ಇಬ್ಬರನ್ನೂ ಅರ್ಧ ನಂಬುತ್ತೇನೆ" ಎಂದು ಬರೆದಿದ್ದಾಳೆ. ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಆ ಅಂಕ ಅವಳ ಲೆಕ್ಕಕ್ಕೆ ಸೇರಲಿಲ್ಲ.

ಇಂತಿ,
ಒಬ್ಬ ಅತಿಥಿ ಉಪನ್ಯಾಸಕ