ಪುಟ್ಟಿಗೆ, ಎಚ್-ಇಂಡೆಕ್ಸ್ ವಿಚಾರವಾಗಿ

ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಂಶೋಧನಾ ಪೇಪರುಗಳಿಗೆ ಸಿಕ್ಕ ಉಲ್ಲೇಖಗಳನ್ನು ಅಳೆಯುವ ಎಚ್-ಇಂಡೆಕ್ಸ್ ನಿನ್ನ ಜೊತೆಯವನದು 14, ನಿನ್ನದು 4 ಅಂತ ಬೇಜಾರು ಮಾಡಿಕೊಂಡು ಬರೆದಿದ್ದೀಯಲ್ಲ, ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ಕೊನೆಯಲ್ಲಿ ಸಣ್ಣಗೆ ಸೇರಿಸಿದ ಮಾತೇ ಯೋಚನೆಗೆ ಹಚ್ಚಿತು. ಅವನ ಎರಡು ಪೇಪರಿಗೆ ನಿನ್ನ ಹೆಸರು, ನಿನ್ನ ಎರಡಕ್ಕೆ ಅವನ ಹೆಸರು ಹಾಕಿಕೊಳ್ಳೋಣ ಅಂದನಂತೆ. ಬೇಡ. ಯಾಕೆ ಅನ್ನುವುದನ್ನು ನಿಧಾನವಾಗಿ ಓದು. ಎಕ್ಸ್‌ರೇ ನೋಡುತ್ತಲೇ ತಲೆ ನರೆತವಳು ನಾನು, ಮಾತು ಸ್ವಲ್ಪ ಉದ್ದವಾದರೆ ಸಹಿಸಿಕೋ.

ಆ ಅಂಕಿಯನ್ನು 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಹುಟ್ಟಿಸಿದರು. ತಲಾ ಹತ್ತು ಸಲವಾದರೂ ಬೇರೆಯವರು ಉಲ್ಲೇಖಿಸಿದ ಹತ್ತು ಪೇಪರ್ ಇದ್ದರೆ ನಿನ್ನ ಸೂಚ್ಯಂಕ ಹತ್ತು. ಎರಡೇ ಪೇಪರ್ ಬರೆದವರಿಗೆ ಅದು ಎರಡನ್ನು ದಾಟುವುದೇ ಇಲ್ಲ. ಈಗ ಅಲನ್ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿಯ ಕಥೆ ಕೇಳು. ಹಲವು ಕೋನಗಳ ಎಕ್ಸ್‌ರೇಗಳಿಂದ ದೇಹದ ಒಳಚಿತ್ರ ಕಟ್ಟುವ ಸಿ.ಟಿ. ಸ್ಕ್ಯಾನಿನ ಹಿಂದಿನ ಗಣಿತವನ್ನು ಅವರು 1963 ಮತ್ತು 1964ರಲ್ಲಿ ಎರಡು ಪೇಪರುಗಳಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಯಾರೂ ತಿರುಗಿ ನೋಡಲಿಲ್ಲ. ಪ್ರತಿ ಕಳಿಸಿ ಎಂದು ಕೇಳಿದವರಲ್ಲಿ ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದವರೂ ಇದ್ದರು! ಅವರಿಗೆ ಬೆಟ್ಟದ ಮೇಲಿನ ಹಿಮದ ಚಿಂತೆ. ಅತ್ತ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಕಾರ್ಮ್ಯಾಕ್ ಕೆಲಸದ ಸುಳಿವೇ ಇಲ್ಲದೆ ಯಂತ್ರ ಕಟ್ಟಿ, 1971ರ ಅಕ್ಟೋಬರ್‌ನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಮಾಡಿಸಿದರು. 1979ರಲ್ಲಿ ನೊಬೆಲ್ ಇಬ್ಬರಿಗೂ ಬಂತು. ತಮಾಷೆ ಏನೆಂದರೆ, ಅದೇ ಗಣಿತವನ್ನು ಆಸ್ಟ್ರಿಯಾದ ಗಣಿತಜ್ಞ ರೇಡಾನ್ 1917ರಲ್ಲೇ ಬಿಡಿಸಿಟ್ಟಿದ್ದರು. ಅದು ಕಾರ್ಮ್ಯಾಕ್‌ಗೆ ಗೊತ್ತಾದದ್ದು ತಮ್ಮ ಪೇಪರ್ ಬಂದು ಎಷ್ಟೋ ವರ್ಷಗಳಾದ ಮೇಲೆ. ಉಲ್ಲೇಖಿಸಬೇಕಾದವರಿಗೇ ಉಲ್ಲೇಖಿಸಬೇಕು ಅಂತ ತಿಳಿದಿರಲಿಲ್ಲ.

ಇಷ್ಟು ದೂರ ಹೋಗುವುದೇ ಬೇಡ, ಬೆಂಗಳೂರಿಗೇ ಬಾ. ಜಿ.ಎನ್. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟುತ್ತಿದ್ದ ಕಾಲ. 1971ರಲ್ಲಿ ಅವರೂ ಎ.ವಿ. ಲಕ್ಷ್ಮೀನಾರಾಯಣನ್ ಅವರೂ ಸೇರಿ, ಹಲವು ಕೋನಗಳ ಎಕ್ಸ್‌ರೇಗಳಿಂದ ಒಳಚಿತ್ರ ಮರಳಿ ಕಟ್ಟಲು ಫೂರಿಯೆ ರೂಪಾಂತರ ಎಂಬ ಗಣಿತದ ಸುತ್ತುದಾರಿ ಬೇಡ, ಕನ್ವಲ್ಯೂಷನ್ ಎಂಬ ನೇರ ಲೆಕ್ಕ ಸಾಕು, ಕೆಲಸ ಬೇಗವೂ ಆಗುತ್ತದೆ ಎಂದು ತೋರಿಸಿದರು. ನೀನು ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಒಳಚಿತ್ರ ಮರಳಿ ಕಟ್ಟುವ ಐರೇಡಾನ್ ಆಜ್ಞೆಯನ್ನು ಕರೆದು ಬೇರೇನೂ ಹೇಳದಿದ್ದರೆ ಅದು ತಾನಾಗಿ ಎತ್ತಿಕೊಳ್ಳುವ ಫಿಲ್ಟರ್ 'ರಾಮ್-ಲ್ಯಾಕ್'. ಅದು ಈ ಇಬ್ಬರ ಹೆಸರೇ. ಆ ಸಾಲನ್ನು ದಿನಾ ಓಡಿಸುವವರಲ್ಲಿ ಎಷ್ಟು ಜನ ಆ ಪೇಪರನ್ನು ಉಲ್ಲೇಖಿಸುತ್ತಾರೆ? ನೀನು ಉಲ್ಲೇಖಿಸಿದ್ದೀಯಾ? ಬೇರೂರಿಬಿಟ್ಟ ಕೆಲಸ ಲೆಕ್ಕದ ಪುಸ್ತಕದಿಂದ ಮೆಲ್ಲಗೆ ಮಾಯವಾಗುತ್ತದೆ.

ಇದರ ಉಲ್ಟಾ ಕಥೆ ಕೋವಿಡ್ ಕಾಲದ್ದು. ಎದೆಯ ಎಕ್ಸ್‌ರೇ, ಸಿ.ಟಿ. ತೋರಿಸಿ ಕಂಪ್ಯೂಟರಿನಿಂದಲೇ ಕೋವಿಡ್ ಹಿಡಿಸುತ್ತೇವೆ ಎನ್ನುವ ಪೇಪರುಗಳ ಮಳೆ ಸುರಿಯಿತು. ಕೇಂಬ್ರಿಜ್‌ನವರ ನೇತೃತ್ವದ ತಂಡವೊಂದು 2,212 ಅಧ್ಯಯನಗಳನ್ನು ಜರಡಿ ಹಿಡಿದು, ಉಳಿದ 62ನ್ನು ಕೂಲಂಕಷವಾಗಿ ನೋಡಿ, 2021ರಲ್ಲಿ ತೀರ್ಪು ಕೊಟ್ಟಿತು: ಆಸ್ಪತ್ರೆಯಲ್ಲಿ ಬಳಸಲು ಲಾಯಕ್ಕಾದದ್ದು ಒಂದೂ ಇಲ್ಲ. ಕೆಲವರು ಕೋವಿಡ್ ಇಲ್ಲದವರ ಗುಂಪಿಗೆ ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್‌ರೇ ಹಾಕಿದ್ದರು, ಕೋವಿಡ್ ಗುಂಪಿನಲ್ಲಿದ್ದವರು ದೊಡ್ಡವರು. ಯಂತ್ರ ಕಲಿತದ್ದು ಮಗು ಯಾವುದು, ದೊಡ್ಡವರು ಯಾರು ಅನ್ನುವುದನ್ನು! ಪುಟ್ಟ ಮಗುವಿನ ಫಿಲ್ಮಿನಲ್ಲಿ ಥೈಮಸ್ ಗ್ರಂಥಿಯ ನೆರಳು ಇರುತ್ತದೆ, ಪಕ್ಕೆಲುಬುಗಳು ಅಡ್ಡಡ್ಡ ಕೂತಿರುತ್ತವೆ. ಮೊದಲ ವರ್ಷದ ರೆಸಿಡೆಂಟ್‌ಗೂ ಕಾಣುವ ಸಂಗತಿ, ಯಾರೂ ಅವರನ್ನು ಕೇಳಲಿಲ್ಲ ಅಷ್ಟೆ. ಆದರೂ ಅಂಥ ಪೇಪರುಗಳಿಗೆ ಉಲ್ಲೇಖದ ಬರ ಬರಲಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಂದಿನ ಕೆಲಸ ಎಂದು ಎತ್ತಿಕೊಂಡರು.

ಹಾಗಂತ ಹೆಚ್ಚು ಉಲ್ಲೇಖಗೊಂಡದ್ದೆಲ್ಲ ಜೊಳ್ಳು ಅನ್ನಬೇಡ. ವೈದ್ಯಕೀಯ ಚಿತ್ರದಲ್ಲಿ ಬೇಕಾದ ಭಾಗ ಗುರುತಿಸಲು ನೀನು ದಿನಾ ಬಳಸುವ ಯು-ನೆಟ್ ಎಂಬ ಕಂಪ್ಯೂಟರ್ ಮಾದರಿ 2015ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಿಂದ ಬಂದ ಕೆಲವೇ ಪುಟಗಳ ಪೇಪರ್. ಅದರ ಒಂದು ಪ್ರಯೋಗಕ್ಕೆ ಇದ್ದ ತರಬೇತಿ ಚಿತ್ರಗಳು ಬರೀ 30. ಕೋಡನ್ನು ಎಲ್ಲರ ಕೈಗೆ ಸಿಗುವಂತೆ ಇಟ್ಟರು. ಚಿತ್ರ ಕಡಿಮೆ ಇರುವವರೂ ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡರು. ಉಲ್ಲೇಖ ಹತ್ತಾರು ಸಾವಿರಕ್ಕೆ ಏರಿದ್ದು ಹಾಗೆ.

ಅದಕ್ಕೇ ನಿನ್ನಿಂದ ನಾನು ಬಯಸುವುದು ಇನ್ನೊಬ್ಬರು ನಂಬಿ ಎತ್ತಿಕೊಳ್ಳಬಹುದಾದ ಕೆಲಸ. ಒಬ್ಬನೇ ರೋಗಿಯ ಸ್ಲೈಸುಗಳು, ಅಂದರೆ ಸ್ಕ್ಯಾನಿನ ಪದರ ಚಿತ್ರಗಳು, ತರಬೇತಿಯಲ್ಲೂ ಪರೀಕ್ಷೆಯಲ್ಲೂ ಹಂಚಿಹೋಗದಂತೆ ನೋಡಿಕೋ. ಅಲ್ಲಿ ಜಾರಿದವರೇ ತೊಂಬತ್ತೊಂಬತ್ತು ಪರ್ಸೆಂಟ್ ಸರಿ ಬಂತು ಅಂತ ಬರೆಯುವುದು. ಬೇರೆ ಆಸ್ಪತ್ರೆಯ, ಬೇರೆ ಕಂಪನಿಯ ಯಂತ್ರದ ಚಿತ್ರಗಳ ಮೇಲೂ ಓಡಿಸು. ಫಲಿತಾಂಶ ಕುಸಿದರೆ ಕುಸಿಯಿತು ಅಂತಲೇ ಬರೆ. ನನ್ನಂಥವಳು ಪೇಪರಿನಲ್ಲಿ ಮೊದಲು ಹುಡುಕುವುದು ಅದನ್ನೇ.

ಇನ್ನು ಆ ಒಪ್ಪಂದ. ಲೇಖಕಿ ಅಂತ ಹೆಸರು ಬಿದ್ದ ಮೇಲೆ ಆ ಕೆಲಸಕ್ಕೆ ನೀನೂ ಹೊಣೆ. ಚಿತ್ರ ಎಲ್ಲಿಂದ ಬಂತು, ಎಥಿಕ್ಸ್ ಕಮಿಟಿ ಒಪ್ಪಿಗೆ ಎಲ್ಲಿ ಅಂತ ನಾಳೆ ಯಾರಾದರೂ ಕೇಳಿದರೆ 'ನಾನು ಬರೀ ಹೆಸರು ಕೊಟ್ಟವಳು' ಅನ್ನಲಾಗುತ್ತದೆಯೇ? ಪ್ರಕಟವಾದ ಪೇಪರನ್ನು ತಪ್ಪಿದೆ ಅಂತ ಪತ್ರಿಕೆ ಹಿಂತೆಗೆದುಕೊಂಡರೆ ಆ ಕಲೆ ನಿನ್ನ ಪಟ್ಟಿಯಲ್ಲೂ ಕೂರುತ್ತದೆ. ಹುಡುಗ ಕೆಟ್ಟವನಿರಲಾರ, ಅವನಿಗೂ ಕೆಲಸದ ಒತ್ತಡ ಇರಬಹುದು. ನಯವಾಗಿ ಬೇಡ ಅನ್ನು.

ಸಂದರ್ಶನದಲ್ಲಿ ಅಂಕಿ ಕೇಳುತ್ತಾರೆ, ನನಗೂ ಗೊತ್ತು. ಇರುವುದನ್ನಾದರೂ ಸರಿಯಾಗಿ ಕಾಣಿಸು. ನಮ್ಮವರ ಹೆಸರಿನದು ದೊಡ್ಡ ರಗಳೆ: ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಸರ್‌ನೇಮ್ ಇಲ್ಲ. ನಿನ್ನ ಒಂದು ಪೇಪರಿನಲ್ಲಿ ಇನಿಷಿಯಲ್ ಮುಂದಿದೆ, ಇನ್ನೊಂದರಲ್ಲಿ ಹಿಂದಿದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರೇ ಇದೆ. ಉಲ್ಲೇಖಗಳು ಮೂರು ಜನರ ಪಾಲಾಗಿರಬಹುದು. ಆರ್ಕಿಡ್ ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಸಿ ಎಲ್ಲವನ್ನೂ ಅದಕ್ಕೆ ಜೋಡಿಸು, ಇನ್ನು ಮುಂದೆ ಒಂದೇ ರೂಪದಲ್ಲಿ ಬರೆ. ಮದುವೆಯಾದರೂ ಬದಲಿಸಬೇಡ, ನಿಮ್ಮಮ್ಮ ಏನೇ ಅನ್ನಲಿ.

ದಸರೆಗೆ ಬರುತ್ತೀಯಲ್ಲ, ನಿಮ್ಮಲ್ಲಿ ಅನುಮತಿ ಸಿಕ್ಕರೆ ನಿನ್ನ ಯಂತ್ರ ತಪ್ಪು ಹೇಳಿದ ಫಿಲ್ಮುಗಳನ್ನು ರೋಗಿಗಳ ಹೆಸರು ತೆಗೆದು ತಾ. ಸರಿ ಹೇಳಿದ್ದು ಬೇಡ. ಕೂತು ಒಂದೊಂದಾಗಿ ನೋಡೋಣ.

ಇಂತು ನಿನ್ನ
ದೊಡ್ಡಮ್ಮ